ಧೂಮಕೇತುವಿನ ಹಾದಿ: ಕಮಲಾಪುರದಿಂದ ಕಲಬುರಗಿಗೆ

ಸೂರ್ಯ ಚಂದ್ರರ ಉದಯಾಸ್ತಗಳನ್ನು ಪಂಚಾಂಗವು ವರ್ಷಕ್ಕೆ ಮುಂಚೆಯೇ ಹೇಳಿಬಿಡುತ್ತದೆ. ಮುಂದಿನ ಶತಮಾನದಲ್ಲಿ ಸಂಭವಿಸಲಿರುವ ಗ್ರಹಣವನ್ನು ಇಂದೇ ನಿಮಿಷದ ಮಟ್ಟಿಗೆ ಗಣಿಸಿ ಇಡಬಹುದು. ಇಂಥ ಶಿಸ್ತಿನ ಆಕಾಶದಲ್ಲಿ ಕರೆಯದೆ ಬರುವ ನೆಂಟನಂತೆ ಆಗೊಮ್ಮೆ ಈಗೊಮ್ಮೆ ತಲೆದೋರುವುದು ಧೂಮಕೇತು. ಬಾಲಚುಕ್ಕಿ ಎಂದು ಜನ ಕರೆಯುವ ಈ ಜ್ಯೋತಿ ಎಲ್ಲಿಂದ ಬರುತ್ತದೆ, ಸೂರ್ಯನ ಬಳಿ ಸಾರಿದಾಗ ಅದಕ್ಕೇನಾಗುತ್ತದೆ, ಅದರ ಬಾಲ ಏತರಿಂದಾದದ್ದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

೨೦೨೪ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರಿನಲ್ಲಿಯೂ ಕರ್ನಾಟಕದ ಆಕಾಶದಲ್ಲಿ ಅಂಥದೊಂದು ಅತಿಥಿ ಬರಿಗಣ್ಣಿಗೆ ಕಾಣಿಸಿತು. ತ್ಸುಚಿನ್‌ಶಾನ್-ಅಟ್ಲಾಸ್ ಎಂದು ಅದರ ಹೆಸರು. ಚೀನಾ ದೇಶದ ನೇರಳೆ ಬೆಟ್ಟದ ವೀಕ್ಷಣಾಲಯದವರು ೨೦೨೩ರ ಜನವರಿಯಲ್ಲಿಯೂ, ದಕ್ಷಿಣ ಆಫ್ರಿಕದ ಅಟ್ಲಾಸ್ ದೂರದರ್ಶಕದವರು ಫೆಬ್ರವರಿಯಲ್ಲಿಯೂ ಪ್ರತ್ಯೇಕವಾಗಿ ಗುರುತಿಸಿದುದರಿಂದ ಅದಕ್ಕೆ ಈ ಜೋಡಿ ಹೆಸರು ಬಂದಿತು. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ಬೆಳಗಿನ ಜಾವಗಳಲ್ಲಿ, ಸೂರ್ಯೋದಯಕ್ಕೆ ಮುನ್ನ, ಅದು ಪೂರ್ವ ದಿಗಂತದ ಬಳಿ ನಸುಬೆಳಕಿನ ಗೆರೆಯಾಗಿ ಏಳುತ್ತಿತ್ತು. ಆಮೇಲೆ ಕೆಲವು ದಿನ ಸೂರ್ಯಪ್ರಭೆಯಲ್ಲಿ ಮರೆಯಾಯಿತು. ಅಕ್ಟೋಬರ್ ೧೨ರಂದು, ಅಂದರೆ ಆ ವರ್ಷದ ವಿಜಯದಶಮಿಯ ದಿನವೇ, ಭೂಮಿಗೆ ಸುಮಾರು ೭ ಕೋಟಿ ಕಿಲೋಮೀಟರು ಸಮೀಪಕ್ಕೆ ಬಂದು, ಅಲ್ಲಿಂದ ಮುಂದೆ ಸಂಜೆಯ ಪಶ್ಚಿಮಾಕಾಶದಲ್ಲಿ ಶುಕ್ರನಿಗೂ ಸ್ವಾತಿ ನಕ್ಷತ್ರಕ್ಕೂ ನಡುವೆ ತೋರತೊಡಗಿತು.

ಈ ಧೂಮಕೇತುವಿನ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಅದು ಯಾವ ದಿನ ಆಕಾಶದ ಯಾವ ಬಿಂದುವಿನಲ್ಲಿರುವುದೆಂಬುದನ್ನು ಖಗೋಳಜ್ಞರು ತಿಂಗಳುಗಳ ಮುಂಚೆಯೇ ನಿಖರವಾಗಿ ಹೇಳಿದ್ದರು. ಆದರೆ ಅದು ಆ ದಿನದವರೆಗೆ ಬದುಕಿರುವುದೇ ಎಂಬುದನ್ನು ಮಾತ್ರ ಯಾರೂ ಖಚಿತವಾಗಿ ಹೇಳಲಾರದವರಾಗಿದ್ದರು. ಧೂಮಕೇತುಗಳ ಅಧ್ಯಯನದಲ್ಲಿ ಹಣ್ಣಾದ ಜ್ಡೆನೆಕ್ ಸೆಕಾನಿನಾ ಅವರು ಆ ವರ್ಷದ ಜುಲೈ ತಿಂಗಳಲ್ಲಿ, ಇದು ಸೂರ್ಯನನ್ನು ಮುಟ್ಟುವ ಮೊದಲೇ ಒಡೆದು ಚದುರಿ ಹೋಗುವುದೆಂದು ಕಾರಣಸಹಿತವಾಗಿ ಬರೆದರು. ಅದು ಚದುರಲಿಲ್ಲ. ಹಾದಿಯನ್ನು ಇಷ್ಟು ಖಚಿತವಾಗಿ ಬಲ್ಲ ಶಾಸ್ತ್ರಕ್ಕೆ ಬಾಳನ್ನು ಬಲ್ಲುದು ಏಕೆ ಇಷ್ಟು ಕಷ್ಟ? ಧೂಮಕೇತುವೆಂದರೇನೆಂಬುದನ್ನು ತಿಳಿದರೆ ಇದಕ್ಕೆ ಉತ್ತರ ತಾನಾಗಿಯೇ ದೊರೆಯುತ್ತದೆ.

ರಸ್ತೆಯ ಮೇಲೊಂದು ಸೌರವ್ಯೂಹ

ಕೋಟಿ ಕೋಟಿ ಕಿಲೋಮೀಟರುಗಳ ಲೆಕ್ಕ ಮನಸ್ಸಿಗೆ ಹಿಡಿಯುವಂಥದಲ್ಲ. ಆದುದರಿಂದ ಸೌರವ್ಯೂಹವನ್ನು ಕುಗ್ಗಿಸಿ ನಮಗೆ ಪರಿಚಿತವಾದ ನೆಲದ ಮೇಲೆ ಹಾಸಿಕೊಳ್ಳೋಣ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ ಸುಮಾರು ೧೫ ಕೋಟಿ ಕಿಲೋಮೀಟರು. ಇದನ್ನು ಒಂದು ಕಿಲೋಮೀಟರೆಂದು ಭಾವಿಸೋಣ. ಸೂರ್ಯನನ್ನು ಕಲಬುರಗಿಯ ಬಹಮನಿ ಕೋಟೆಯಲ್ಲಿ ಇರಿಸೋಣ. ಈ ಅಳತೆಯಲ್ಲಿ ಸೂರ್ಯನು ಒಂಬತ್ತು ಮೀಟರಿಗೆ ತುಸು ಮಿಕ್ಕ ಅಗಲದ, ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಗೋಳವಾಗುತ್ತಾನೆ. ಕೋಟೆಯಿಂದ ಒಂದು ಕಿಲೋಮೀಟರು ದೂರದಲ್ಲಿ ನಮ್ಮ ಭೂಮಿ ಒಂದು ಮೋಸಂಬಿ ಹಣ್ಣಿನ ಗಾತ್ರದಲ್ಲಿ ಸುತ್ತುತ್ತಿರುತ್ತದೆ. ಗುರುಗ್ರಹ ಐದು ಕಿಲೋಮೀಟರಿಗೆ ಸ್ವಲ್ಪ ಆಚೆ, ನೆಪ್ಚೂನ್ ಮೂವತ್ತು ಕಿಲೋಮೀಟರು ಆಚೆ.

ಕೋಟೆಯಿಂದ ಹುಮನಾಬಾದಿನ ರಸ್ತೆ ಹಿಡಿದು ಹೊರಟರೆ ಹೆಚ್ಚು ಕಡಿಮೆ ಮೂವತ್ತೈದು ಕಿಲೋಮೀಟರಿಗೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಎಲ್ಲರೂ ಹೆಸರು ಕೇಳಿರುವ ಹ್ಯಾಲಿ ಧೂಮಕೇತು ಸೂರ್ಯನಿಂದ ದೂರ ಸರಿದು ಹಿಂದಿರುಗುವ ತಾಣ ನಮ್ಮ ಮಾದರಿಯಲ್ಲಿ ಸರಿಯಾಗಿ ಈ ಕಮಲಾಪುರವೇ ಆಗುತ್ತದೆ. ಅಲ್ಲಿಂದ ಹೊರಟ ಹ್ಯಾಲಿ ಧೂಮಕೇತು ಕಲಬುರಗಿಯ ಕೋಟೆಗೆ ಸುಮಾರು ೫೯೦ ಮೀಟರು ಸಮೀಪದವರೆಗೆ ಬಂದು, ಸೂರ್ಯನನ್ನು ಬಳಸಿ, ಮರಳಿ ಕಮಲಾಪುರಕ್ಕೆ ಹೋಗುತ್ತದೆ. ಇದು ರಸ್ತೆಯಂತೆ ನೇರವಾದ ಹಾದಿಯಲ್ಲ. ಮೂವತ್ತೈದು ಕಿಲೋಮೀಟರು ಉದ್ದ, ಒಂಬತ್ತು ಕಿಲೋಮೀಟರು ಅಗಲವಾದ, ಸೌತೆಕಾಯಿಯಂತೆ ನೀಳವಾದ ದೀರ್ಘವೃತ್ತ. ಒಂದು ಸುತ್ತಿಗೆ ಸುಮಾರು ೭೬ ವರ್ಷ ಹಿಡಿಯುತ್ತದೆ.

ಈ ಹಾದಿಯಲ್ಲಿ ಅದರ ನಡೆ ಒಂದೇ ಸಮನಾಗಿಲ್ಲ. ಸೂರ್ಯನಿಗೆ ದೂರವಾದಷ್ಟೂ ನಿಧಾನ, ಹತ್ತಿರವಾದಷ್ಟೂ ರಭಸ ಎಂಬುದು ಕೆಪ್ಲರ್ ಕಂಡುಹಿಡಿದ ನಿಯಮ. ಕಮಲಾಪುರದ ಬಳಿ ತಿರುಗುವಾಗ ನಮ್ಮ ಮಾದರಿಯ ಹ್ಯಾಲಿ ದಿನವೊಂದಕ್ಕೆ ಕೇವಲ ಅರ್ಧ ಮೀಟರು, ಎಂದರೆ ಒಂದು ಮೊಳಕ್ಕಿಂತ ತುಸು ಹೆಚ್ಚು, ತೆವಳುತ್ತದೆ. ಕೋಟೆಯ ಬಳಿ ಸುತ್ತುವಾಗ ದಿನಕ್ಕೆ ಮೂವತ್ತು ಮೀಟರಿಗೂ ಮಿಕ್ಕಿ ಓಡುತ್ತದೆ. ನಿಜವಾದ ಅಳತೆಯಲ್ಲಿ ಇವು ಕ್ರಮವಾಗಿ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಕಡಿಮೆ ಮತ್ತು ೫೪ ಕಿಲೋಮೀಟರು ವೇಗಗಳಾಗುತ್ತವೆ.

ತ್ಸುಚಿನ್‌ಶಾನ್-ಅಟ್ಲಾಸ್ ಇನ್ನೂ ದೂರದ ಊರಿನದು. ಸೌರವ್ಯೂಹದ ಅಂಚಿನಲ್ಲಿ ಅಸಂಖ್ಯ ಧೂಮಕೇತುಗಳ ಉಗ್ರಾಣವೊಂದಿರಬೇಕೆಂದು ಡಚ್ ವಿಜ್ಞಾನಿ ಯಾನ್ ಊರ್ಟ್ ೧೯೫೦ರಲ್ಲಿ ತರ್ಕಿಸಿದರು. ನಮ್ಮ ಮಾದರಿಯಲ್ಲಿ ಈ ಉಗ್ರಾಣದ ಹೊರಭಾಗ ಐವತ್ತು ಸಾವಿರ ಕಿಲೋಮೀಟರು ಆಚೆಗಿರುತ್ತದೆ. ಭೂಮಿಯ ಸುತ್ತಳತೆಯೇ ನಲವತ್ತು ಸಾವಿರ ಕಿಲೋಮೀಟರೆಂಬುದನ್ನು ನೆನೆದರೆ, ಭೂಮಂಡಲವನ್ನೊಮ್ಮೆ ಪ್ರದಕ್ಷಿಣೆ ಮಾಡಿ ಮೇಲೆ ಇನ್ನೂ ಹತ್ತು ಸಾವಿರ ಕಿಲೋಮೀಟರು ನಡೆದಷ್ಟು ದೂರ! ಅಂಥ ಸ್ಥಳದಿಂದ ಲಕ್ಷಾಂತರ ವರ್ಷಗಳ ಕಾಲ ಇಳಿದುಬಂದ ಈ ಧೂಮಕೇತು ೨೦೨೪ರ ಸೆಪ್ಟೆಂಬರ್ ೨೭ರಂದು ಕೋಟೆಗೆ ಸುಮಾರು ೩೯೦ ಮೀಟರು ಸಮೀಪದಲ್ಲಿ ಹಾದುಹೋಯಿತು. ಹೀಗೆ ಸೂರ್ಯನಿಗೆ ಅತ್ಯಂತ ಹತ್ತಿರವಾದ ಬಿಂದುವನ್ನು ಪುರರವಿ ಎನ್ನುತ್ತಾರೆ. ನಿಜವಾದ ದೂರ ೫ ಕೋಟಿ ೮೦ ಲಕ್ಷ ಕಿಲೋಮೀಟರಿನಷ್ಟು. ಬುಧಗ್ರಹದ ಸರಾಸರಿ ದೂರಕ್ಕೆ ಸಮ.

ಇದ್ದಲಿನಂತೆ ಕಪ್ಪಾದ ಹಿಮದ ಉಂಡೆ

ಇಷ್ಟು ದೂರದ ಪ್ರಯಾಣ ಮಾಡುವ ಈ ಪಥಿಕನ ಸ್ವರೂಪವೇನು? ಕಮಲಾಪುರದ ಬಳಿಯಿದ್ದಾಗ ಹ್ಯಾಲಿಗೆ ಬಾಲವಿಲ್ಲ, ತಲೆಯ ಸುತ್ತ ಪ್ರಭೆಯೂ ಇಲ್ಲ. ಅಲ್ಲಿರುವುದು ಬರಿಯ ಒಂದು ಗಡ್ಡೆ. ಇದಕ್ಕೆ ಬೀಜ ಎಂಬ ಹೆಸರು ಒಪ್ಪುತ್ತದೆ, ಏಕೆಂದರೆ ಮುಂದೆ ಬೆಳೆಯುವ ವೈಭವವೆಲ್ಲ ಇದರೊಳಗಿನಿಂದಲೇ ಹೊರಡಬೇಕು. ೧೯೮೬ರ ಮಾರ್ಚ್ ೧೪ರಂದು ಯುರೋಪಿನ ಜೊತ್ತೊ ಎಂಬ ನೌಕೆ ಹ್ಯಾಲಿಯ ಬೀಜದಿಂದ ಸುಮಾರು ೬೦೦ ಕಿಲೋಮೀಟರು ಅಂತರದಲ್ಲಿ ಹಾದು ಅದರ ಚಿತ್ರ ತೆಗೆಯಿತು. ಉದ್ದ ೧೫ ಕಿಲೋಮೀಟರು, ಅಗಲ ೮ ಕಿಲೋಮೀಟರಿನಷ್ಟಿರುವ ಆ ಗಡ್ಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಎಂದರೆ ಅದು ಇದ್ದಲಿನಷ್ಟು ಕಪ್ಪು. ನಮ್ಮ ಮಾದರಿಯಲ್ಲಿ ಅದರ ಗಾತ್ರ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಹಿಟ್ಟಿನ ಕಣವೊಂದು ಕಮಲಾಪುರದಿಂದ ಕಲಬುರಗಿಗೆ ಬರುತ್ತಿದೆಯೆಂದು ಭಾವಿಸಿದರೆ ಚಿತ್ರ ಪೂರ್ತಿಯಾಗುತ್ತದೆ.

ಧೂಮಕೇತುವಿನ ಬೀಜವು ಧೂಳು ಬೆರೆತ ಹಿಮದ ಉಂಡೆಯೆಂದು ಅಮೆರಿಕದ ಫ್ರೆಡ್ ವ್ಹಿಪಲ್ ೧೯೫೦ರಲ್ಲಿ ಸೂಚಿಸಿದ್ದರು. ನೀರಿನ ಮಂಜುಗಡ್ಡೆ ಇದರಲ್ಲಿ ಮುಖ್ಯ. ಹೆಪ್ಪುಗಟ್ಟಿದ ಇಂಗಾಲದ ಡೈ ಆಕ್ಸೈಡ್, ಇಂಗಾಲದ ಮಾನಾಕ್ಸೈಡ್ ಮೊದಲಾದವು ಜೊತೆಗಿರುತ್ತವೆ. ಕಲ್ಲಿನ ಹುಡಿಯೂ ಇಂಗಾಲದ ಸಂಯುಕ್ತಗಳೂ ಇವುಗಳೊಡನೆ ಬೆರೆತಿರುತ್ತವೆ. ೨೦೧೪ರಿಂದ ೨೦೧೬ರವರೆಗೆ ರೊಸೆಟ್ಟಾ ನೌಕೆಯು ಚುರ್ಯುಮೋವ್-ಗೆರಾಸಿಮೆಂಕೊ ಎಂಬ ಧೂಮಕೇತುವಿನ ಜೊತೆಜೊತೆಗೇ ಸಾಗಿ ಅದನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ತಿಳಿದುಬಂತು. ಆ ಗಡ್ಡೆಯ ಸಾಂದ್ರತೆ ನೀರಿನ ಸಾಂದ್ರತೆಯ ಅರ್ಧದಷ್ಟು ಮಾತ್ರ. ಅದು ಗಟ್ಟಿ ಬಂಡೆಯಲ್ಲ. ಒಳಗೆಲ್ಲ ಪೊಳ್ಳು ತುಂಬಿದ, ಸಡಿಲವಾಗಿ ಕೂಡಿಕೊಂಡ ರಾಶಿ. ಸೌರವ್ಯೂಹ ಹುಟ್ಟಿದಾಗ, ಅಂದರೆ ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ, ಗ್ರಹಗಳಾಗದೆ ಉಳಿದ ಸಾಮಗ್ರಿ ಇದು. ಕೊರೆಯುವ ಚಳಿಯಲ್ಲಿ ಕೆಡದೆ ಉಳಿದಿರುವುದರಿಂದಲೇ ವಿಜ್ಞಾನಿಗಳಿಗೆ ಇದರ ಮೇಲೆ ಇಷ್ಟೊಂದು ಆಸಕ್ತಿ.

ಕೊನೆಯ ಮೂರು ಕಿಲೋಮೀಟರು

ಕಮಲಾಪುರದಿಂದ ಹೊರಟ ನಮ್ಮ ಹಿಟ್ಟಿನ ಕಣ ನೆಪ್ಚೂನನ್ನು ದಾಟುತ್ತದೆ, ದಶಕಗಳ ಬಳಿಕ ಗುರುವಿನ ಕಕ್ಷೆಯನ್ನು ದಾಟುತ್ತದೆ. ಆಗಲೂ ವಿಶೇಷವಾದದ್ದೇನೂ ನಡೆಯುವುದಿಲ್ಲ. ಕೋಟೆಗೆ ಸುಮಾರು ಮೂರು ಕಿಲೋಮೀಟರು ಉಳಿದಿರುವಾಗ ಕಥೆ ಬದಲಾಗುತ್ತದೆ. ಅಲ್ಲಿ ಸೂರ್ಯನ ಶಾಖ ನೀರಿನ ಮಂಜುಗಡ್ಡೆಯನ್ನು ಆವಿಯಾಗಿಸಲು ಸಾಕಾಗುತ್ತದೆ.

ಈ ಮಂಜು ಕರಗಿ ನೀರಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ವಾಯುವಿನ ಒತ್ತಡವಿಲ್ಲದ ಶೂನ್ಯದಲ್ಲಿ ನೀರು ದ್ರವರೂಪದಲ್ಲಿ ನಿಲ್ಲಲಾರದು. ದೇವರ ಮನೆಯ ಕರ್ಪೂರವನ್ನು ಮುಚ್ಚದೆ ಬಿಟ್ಟರೆ ಅದು ಒದ್ದೆಯಾಗದೆ, ಹರಿಯದೆ, ದಿನದಿಂದ ದಿನಕ್ಕೆ ಸವೆದು ಮಾಯವಾಗುತ್ತದಲ್ಲವೆ? ಘನವಸ್ತು ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಉತ್ಪತನವೆಂದು ಹೆಸರು. ಧೂಮಕೇತುವಿನ ಬೀಜದಲ್ಲಿ ನಡೆಯುವುದೂ ಇದೇ. ಆವಿ ಹೊರನುಗ್ಗುವಾಗ ತನ್ನೊಡನೆ ಧೂಳನ್ನೂ ಎಳೆದೊಯ್ಯುತ್ತದೆ. ಮೇಲಿನ ಕಪ್ಪು ತೊಗಟೆಯ ಬಿರುಕುಗಳಿಂದ ಅನಿಲ ಕೆಲವೆಡೆ ಕಾರಂಜಿಯಂತೆ ಚಿಮ್ಮುತ್ತದೆ.

ಸಣ್ಣ ಗಡ್ಡೆಗೆ ಈ ಅನಿಲವನ್ನು ಹಿಡಿದಿಡುವಷ್ಟು ಗುರುತ್ವಾಕರ್ಷಣೆ ಎಲ್ಲಿಯದು? ಅದು ನಾಲ್ಕೂ ಕಡೆಗೆ ಹರಡಿ ಬೀಜದ ಸುತ್ತ ಲಕ್ಷ ಕಿಲೋಮೀಟರು ಅಥವಾ ಅದಕ್ಕೂ ಹೆಚ್ಚು ಅಗಲವಾದ ಮಬ್ಬು ಗೋಳವಾಗುತ್ತದೆ. ಇದನ್ನು ಧೂಮಕೇತುವಿನ ಶಿರವೆನ್ನೋಣ. ನಮ್ಮ ಮಾದರಿಯಲ್ಲಿ ಹಿಟ್ಟಿನ ಕಣದ ಸುತ್ತ ಒಂದು ಎತ್ತಿನ ಗಾಡಿಯ ಚಕ್ರದ ಅರ್ಧದಷ್ಟು ಅಗಲದ ಪ್ರಭೆ ಮೂಡಿತೆಂದು ತಿಳಿಯಬಹುದು. ಪಕ್ಕದಲ್ಲಿ ನಮ್ಮ ಭೂಮಿ ಇನ್ನೂ ಮೋಸಂಬಿ ಹಣ್ಣೇ. ಛಾಯಾಚಿತ್ರಗಳಲ್ಲಿ ಎಷ್ಟೋ ಧೂಮಕೇತುಗಳ ಶಿರ ಹಸಿರಾಗಿ ತೋರುವುದು ಎರಡು ಇಂಗಾಲದ ಪರಮಾಣುಗಳು ಕೂಡಿದ ಅಣುಗಳ ಬೆಳಕಿನಿಂದ. ಸೂರ್ಯನ ಬೆಳಕೇ ಈ ಅಣುಗಳನ್ನು ಬೇಗ ಒಡೆದುಹಾಕುವುದರಿಂದ ಹಸಿರು ಬಣ್ಣ ಬಾಲದವರೆಗೆ ಹಬ್ಬುವುದಿಲ್ಲ.

ಎಪ್ಪತ್ತಾರು ವರ್ಷಗಳ ಸುತ್ತಿನಲ್ಲಿ ಹ್ಯಾಲಿ ಈ ಮೂರು ಕಿಲೋಮೀಟರಿನ ಒಳಗೆ ಇರುವುದು ಬರಿಯ ಒಂದು ವರ್ಷ: ಬರುವಾಗ ಆರು ತಿಂಗಳು, ಹೋಗುವಾಗ ಆರು ತಿಂಗಳು. ನಾವು ಧೂಮಕೇತುವೆಂದು ಕರೆಯುವುದು ಆ ಒಂದು ವರ್ಷದ ವೇಷವನ್ನು. ಉಳಿದ ಎಪ್ಪತ್ತೈದು ವರ್ಷ ಅದು ಕತ್ತಲೆಯಲ್ಲಿ ತೆವಳುವ ಕಪ್ಪು ಗಡ್ಡೆ.

ಬಾಲ ಒಂದಲ್ಲ, ಎರಡು

ಓಡುವ ಕುದುರೆಯ ಬಾಲದಂತೆ ಧೂಮಕೇತುವಿನ ಬಾಲವೂ ಅದರ ಹಿಂದೆ ಚಾಚಿರುತ್ತದೆಂದು ನಾವು ಸಹಜವಾಗಿ ಎಣಿಸುತ್ತೇವೆ. ನಿಜಸ್ಥಿತಿ ಬೇರೆ. ಬಾಲವು ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆ. ಧೂಮಕೇತು ಕೋಟೆಯ ಕಡೆಗೆ ಬರುವಾಗ ಬಾಲ ಅದರ ಹಿಂದಿರುತ್ತದೆ. ಕೋಟೆಯನ್ನು ಬಳಸಿ ಕಮಲಾಪುರದ ಕಡೆಗೆ ಮರಳುವಾಗ ಬಾಲ ಮುಂದೆ, ತಲೆ ಹಿಂದೆ! ದೊರೆಯ ಸನ್ನಿಧಿಯಿಂದ ಬೆನ್ನು ತೋರದೆ ಹಿಂದೆ ಹಿಂದೆ ಸರಿಯುವ ಸೇವಕನಂತೆ ಅದು ಹಿಂದಿರುಗುತ್ತದೆ. ಚೀನೀಯರು ಒಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗಮನಿಸಿದ್ದರು; ಯುರೋಪಿನಲ್ಲಿ ಅಪಿಯನ್ ಎಂಬಾತನು ೧೫೩೧ರಲ್ಲಿ ಹ್ಯಾಲಿ ಧೂಮಕೇತುವನ್ನೇ ನೋಡಿ ಇದನ್ನು ಗುರುತಿಸಿದನು.

ಇದರ ಕಾರಣವನ್ನು ಅರಿಯಲು ಕಲಬುರಗಿ ಸೀಮೆಯ ತೊಗರಿಯ ಕಣಕ್ಕೆ ಹೋಗೋಣ. ರಾಶಿಯನ್ನು ಗಾಳಿಗೆ ತೂರುವಾಗ ಕಾಳು ಕಾಲಬುಡದಲ್ಲಿಯೇ ಬೀಳುತ್ತದೆ, ಹೊಟ್ಟು ದೂರಕ್ಕೆ ಹಾರುತ್ತದೆ, ನವಿರಾದ ಧೂಳು ಇನ್ನೂ ದೂರಕ್ಕೆ ತೇಲಿಹೋಗುತ್ತದೆ. ಸೂರ್ಯನ ಬಳಿ ತೂರುವ ಗಾಳಿ ಎರಡು ಬಗೆಯದು. ಮೊದಲನೆಯದು ಬೆಳಕೇ. ಬೆಳಕು ತಾನು ಬಿದ್ದ ವಸ್ತುವನ್ನು ಅತಿ ಸೂಕ್ಷ್ಮವಾಗಿ ತಳ್ಳುತ್ತದೆ. ನಮ್ಮ ಅಂಗೈಗೆ ಇದು ತಿಳಿಯದು. ಆದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟಿರುವ ಧೂಳಿನ ಕಣಕ್ಕೆ ಈ ತಳ್ಳು ಸಾಕು. ಅಂಥ ಕಣಗಳು ಮೆಲ್ಲಮೆಲ್ಲನೆ ಹಿಂದುಳಿದು, ಬಾಗಿದ, ಅಗಲವಾದ, ನಸು ಹಳದಿಯ ಬಾಲವಾಗುತ್ತವೆ. ಇದು ಧೂಳಿನ ಬಾಲ. ಸೂರ್ಯನ ಬೆಳಕನ್ನು ಚದುರಿಸಿ ಇದು ಹೊಳೆಯುತ್ತದೆ. ದಪ್ಪ ಕಣಗಳು ತೊಗರಿಯ ಕಾಳಿನಂತೆ ಹೆಚ್ಚು ದೂರ ಸರಿಯದೆ ಧೂಮಕೇತುವಿನ ಹಾದಿಯಲ್ಲೇ ಉಳಿಯುತ್ತವೆ.

ಎರಡನೆಯ ಗಾಳಿ ಸೌರಮಾರುತ. ಸೂರ್ಯನಿಂದ ವಿದ್ಯುದಾವೇಶವುಳ್ಳ ಕಣಗಳು ಸೆಕೆಂಡಿಗೆ ಸುಮಾರು ೪೦೦ ಕಿಲೋಮೀಟರು ವೇಗದಿಂದ ಎಡೆಬಿಡದೆ ಹೊರಡುತ್ತಿರುತ್ತವೆ. ಧೂಮಕೇತುವಿನ ಅನಿಲವೂ ಸೂರ್ಯಕಿರಣಗಳ ಹೊಡೆತಕ್ಕೆ ಇಲೆಕ್ಟ್ರಾನುಗಳನ್ನು ಕಳೆದುಕೊಂಡು ವಿದ್ಯುದಾವೇಶ ತಳೆಯುತ್ತದೆ. ಇಂಥ ಅಯಾನುಗಳನ್ನು ಸೌರಮಾರುತವು ತನ್ನ ಕಾಂತಕ್ಷೇತ್ರದೊಡನೆ ನೇರವಾಗಿ ಎಳೆದೊಯ್ದು ಇನ್ನೊಂದು ಬಾಲವನ್ನು ರಚಿಸುತ್ತದೆ. ಇದು ನೆಟ್ಟಗೆ, ಕಿರಿದಾಗಿ, ನೀಲಿಯಾಗಿರುತ್ತದೆ. ಈ ನೆಟ್ಟನೆಯ ಬಾಲದ ವರ್ತನೆಯನ್ನು ವಿವೇಚಿಸಿಯೇ ಜರ್ಮನಿಯ ಲುಡ್ವಿಗ್ ಬೀರ್ಮನ್ ೧೯೫೧ರಲ್ಲಿ, ಸೂರ್ಯನಿಂದ ಇಂಥ ಕಣಗಳ ಪ್ರವಾಹವೊಂದು ಸದಾ ಹರಿಯುತ್ತಿರಬೇಕೆಂದು ಹೇಳಿದ್ದು. ಅಂತರಿಕ್ಷ ನೌಕೆಗಳು ಹುಟ್ಟುವ ಮೊದಲೇ ಧೂಮಕೇತುಗಳು ಗಾಳಿಪಟದಂತೆ ಸೂರ್ಯನ ಗಾಳಿಯನ್ನು ನಮಗೆ ತೋರಿಸಿಕೊಟ್ಟವು. ಬಾಲದ ಉದ್ದ ಹತ್ತು ಕೋಟಿ ಕಿಲೋಮೀಟರನ್ನು ಮುಟ್ಟುವುದೂ ಉಂಟು. ಹಾಗಾದಾಗ ನಮ್ಮ ಮಾದರಿಯ ಹಿಟ್ಟಿನ ಕಣಕ್ಕೆ ಸುಮಾರು ೬೭೦ ಮೀಟರು ಉದ್ದದ ಬಾಲ!

೨೦೨೪ರ ಅಕ್ಟೋಬರಿನಲ್ಲಿ ಕಂಡ ಎರಡು ವಿಶೇಷಗಳು ಈಗ ಸುಲಭವಾಗಿ ತಿಳಿಯುತ್ತವೆ. ಆ ತಿಂಗಳ ೯ರ ಸುಮಾರಿಗೆ ಧೂಮಕೇತು ಸೂರ್ಯನಿಗೂ ನಮಗೂ ನಡುವೆ ಬಂದಾಗ ಅದರ ಕಾಂತಿ ಬಹಳವಾಗಿ ಏರಿತೆಂಬುದನ್ನು ಅಂತರಿಕ್ಷದ ಸೂರ್ಯವೀಕ್ಷಕ ಯಂತ್ರಗಳು ದಾಖಲಿಸಿದವು. ಇಳಿಬಿಸಿಲಿಗೆ ಎದುರಾಗಿ ನಿಂತವನಿಗೆ ಬಂಡಿಯೆಬ್ಬಿಸಿದ ಧೂಳು ಬಂಗಾರದಂತೆ ಹೊಳೆದು ಕಾಣುತ್ತದೆ. ಬಿಸಿಲಿಗೆ ಬೆನ್ನು ಮಾಡಿ ನಿಂತವನಿಗೆ ಅದೇ ಧೂಳು ಮಂಕು. ಸಣ್ಣ ಕಣಗಳು ಬೆಳಕನ್ನು ಮುಂದಕ್ಕೇ ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ. ಎರಡನೆಯದಾಗಿ, ಸುಮಾರು ಅಕ್ಟೋಬರ್ ೧೪ರ ಹೊತ್ತಿಗೆ ಸೂರ್ಯನ ಕಡೆಗೇ ಚಾಚಿದ ಸಣ್ಣ ಮುಳ್ಳಿನಂಥ ಇನ್ನೊಂದು ಬಾಲ ಛಾಯಾಚಿತ್ರಗಳಲ್ಲಿ ಕಾಣಿಸಿತು. ಇದು ನಿಯಮಭಂಗವಲ್ಲ. ಹಾದಿಯಲ್ಲಿ ಉಳಿದ ದಪ್ಪ ಕಣಗಳ ತೆಳು ಹಾಸನ್ನು ಭೂಮಿಯು ಆಗ ಅಂಚಿನ ಕಡೆಯಿಂದ ನೋಡಿತು. ಕಣದ ಮೇಲೆ ಹರಡಿದ ಕಾಳನ್ನು ಮೇಲಿನಿಂದ ನೋಡಿದರೆ ವಿರಳ. ನೆಲಕ್ಕೆ ಕಣ್ಣಿಟ್ಟು ಪಕ್ಕದಿಂದ ನೋಡಿದರೆ ಒತ್ತಾದ ಗೆರೆ.

ಹಾದಿ ನಿಶ್ಚಿತ, ಬಾಳು ಅನಿಶ್ಚಿತ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಧೂಮಕೇತುವಿನ ಹಾದಿಯನ್ನು ನಿರ್ಣಯಿಸುವುದು ಮುಖ್ಯವಾಗಿ ಸೂರ್ಯನ ಮತ್ತು ಗ್ರಹಗಳ ಗುರುತ್ವಾಕರ್ಷಣೆ. ಅದರ ನಿಯಮ ನ್ಯೂಟನ್ನನ ಕಾಲದಿಂದ ನಮಗೆ ಗೊತ್ತು. ಎಡ್ಮಂಡ್ ಹ್ಯಾಲಿ ಈ ನಿಯಮವನ್ನು ಹಿಡಿದು, ೧೫೩೧, ೧೬೦೭, ೧೬೮೨ನೆಯ ವರ್ಷಗಳಲ್ಲಿ ಕಂಡವು ಮೂರಲ್ಲ, ಒಂದೇ ಧೂಮಕೇತುವೆಂದು ೧೭೦೫ರಲ್ಲಿ ಪ್ರಕಟಿಸಿದನು. ಅದು ಮತ್ತೆ ೧೭೫೮ರ ಹೊತ್ತಿಗೆ ಬರುವುದೆಂದೂ ಹೇಳಿದನು. ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ೧೭೫೮ರ ಡಿಸೆಂಬರ್ ೨೫ರಂದು, ಆ ಧೂಮಕೇತು ಕಣ್ಣಿಗೆ ಬಿತ್ತು.

ಆದರೆ ಕಾಂತಿ, ಆಯುಷ್ಯ ಇವು ಬೀಜದ ಒಳರಚನೆಯನ್ನು ಅವಲಂಬಿಸಿವೆ. ತೊಗಟೆಯ ದಪ್ಪವೆಷ್ಟು, ಬಿರುಕುಗಳೆಲ್ಲಿ, ಯಾವ ಪದರದಲ್ಲಿ ಯಾವ ಮಂಜು ಎಷ್ಟಿದೆ ಎಂಬುದು ಕೋಟ್ಯಂತರ ಕಿಲೋಮೀಟರು ದೂರದಿಂದ ತಿಳಿಯುವಂಥದಲ್ಲ. ಚಿಮ್ಮುವ ಅನಿಲದ ಕಾರಂಜಿಗಳು ಗಡ್ಡೆಯನ್ನು ಬುಗುರಿಯಂತೆ ತಿರುಗಿಸುತ್ತವೆ; ತಿರುಗುವಿಕೆ ಮಿತಿಮೀರಿದರೆ ಸಡಿಲವಾದ ಗಡ್ಡೆ ಒಡೆಯುತ್ತದೆ. ಸೂರ್ಯನ ತೀರ ಸಮೀಪದಲ್ಲಿ, ಗಡ್ಡೆಯ ಹತ್ತಿರದ ಮಗ್ಗುಲನ್ನು ದೂರದ ಮಗ್ಗುಲಿಗಿಂತ ಸೂರ್ಯ ಬಲವಾಗಿ ಸೆಳೆಯುವುದರಿಂದಲೂ ಅದು ಸೀಳಿಹೋಗಬಹುದು. ಗಡ್ಡೆ ಚಿಕ್ಕದಾದಷ್ಟೂ ಅಪಾಯ ಹೆಚ್ಚು.

೨೦೨೪ರಲ್ಲಿಯೇ ಇದಕ್ಕೆ ಉದಾಹರಣೆ ದೊರಕಿತು. ತ್ಸುಚಿನ್‌ಶಾನ್-ಅಟ್ಲಾಸ್ ಪುರ​ರವಿಯನ್ನು ದಾಟಿದ ಸೆಪ್ಟೆಂಬರ್ ೨೭ರಂದೇ ಅಟ್ಲಾಸ್ ದೂರದರ್ಶಕಗಳು ಇನ್ನೊಂದು ಧೂಮಕೇತುವನ್ನು ಕಂಡವು. ಅದು ಸೂರ್ಯನನ್ನು ಸವರಿಕೊಂಡು ಹೋಗುವ ಪಂಗಡಕ್ಕೆ ಸೇರಿದ್ದು. ನಮ್ಮ ಮಾದರಿಯಲ್ಲಿ ಅದು ಕೋಟೆಯಲ್ಲಿಟ್ಟ ಸೂರ್ಯಗೋಳದ ಮೇಲ್ಮೈಗೆ ನಾಲ್ಕು ಮೀಟರಿಗೂ ಕಡಿಮೆ ಅಂತರದಲ್ಲಿ ಹಾಯಬೇಕಾಗಿತ್ತು. ಅಕ್ಟೋಬರ್ ೨೮ರಂದು ಅದು ಸೂರ್ಯನ ಬಳಿ ಹೋದದ್ದು ಕಂಡಿತು, ಹೊರಬಂದದ್ದು ಕಾಣಲಿಲ್ಲ. ೨೦೧೩ರ ನವೆಂಬರ್ ೨೮ರಂದು ಐಸಾನ್ ಎಂಬ ಧೂಮಕೇತುವಿಗೂ ಇದೇ ಗತಿಯಾಗಿತ್ತು. ಇದಕ್ಕೆ ವಿರುದ್ಧವಾಗಿ ೧೯೬೫ರ ಅಕ್ಟೋಬರ್ ೨೧ರಂದು ಇಕೆಯಾ-ಸೆಕಿ ಧೂಮಕೇತು ಸೂರ್ಯನ ಮೇಲ್ಮೈಗೆ ಐದು ಲಕ್ಷ ಕಿಲೋಮೀಟರಿಗೂ ಹತ್ತಿರ ಹೋಗಿ, ಒಡೆದರೂ ನಾಶವಾಗದೆ, ಹಗಲಿನಲ್ಲಿಯೇ ಕಾಣುವಷ್ಟು ಬೆಳಗಿತು. ಸೋಹೊ ಎಂಬ ನೌಕೆಯು ೧೯೯೬ರಿಂದೀಚೆಗೆ ಸೂರ್ಯನ ಬಿಂಬವನ್ನು ತಟ್ಟೆಯಿಂದ ಮರೆಮಾಡಿ ಅದರ ಆಸುಪಾಸನ್ನು ನೋಡುತ್ತ ಬಂದು, ೨೦೨೪ರ ಮಾರ್ಚ್ ಹೊತ್ತಿಗೆ ಐದು ಸಾವಿರ ಧೂಮಕೇತುಗಳನ್ನು ತೋರಿಸಿಕೊಟ್ಟಿತು. ಅವುಗಳಲ್ಲಿ ಬಹುಪಾಲು ಸೂರ್ಯನನ್ನು ಸಾರಿ ಅಲ್ಲಿಯೇ ಅಳಿದ ಸಣ್ಣ ತುಣುಕುಗಳು.

ಬದುಕಿ ಉಳಿದವುಗಳಿಗೂ ಈ ಭೇಟಿ ಪುಕ್ಕಟೆಯಲ್ಲ. ಹ್ಯಾಲಿ ಒಂದೊಂದು ಸಲ ಬಂದಾಗಲೂ ತನ್ನ ಮೈಯಿಂದ ಕೆಲವು ಮೀಟರು ದಪ್ಪದ ಪದರವನ್ನು ಕಳೆದುಕೊಳ್ಳುತ್ತದೆ. ನಮ್ಮ ಕಣ್ಣಿಗೆ ಹಬ್ಬವಾಗುವ ಬಾಲ ಅದರ ಪಾಲಿಗೆ ಸವೆತ. ಸೂರ್ಯನೇ ಅದನ್ನು ಬೆಳಗಿಸುವವನು, ಸೂರ್ಯನೇ ಅದನ್ನು ಕರಗಿಸುವವನು. ಬೆಳಗುವುದೂ ಕರಗುವುದೂ ಒಂದೇ ಕ್ರಿಯೆಯ ಎರಡು ಹೆಸರು.

ಅಂಜಿಕೆಯ ಕಾಲ

ಹೇಳದೆ ಕೇಳದೆ ಬರುವ ಜ್ಯೋತಿಯನ್ನು ಕಂಡು ಪೂರ್ವಿಕರು ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕೇತುಗಳ ಸಂಚಾರಕ್ಕೂ ಅವುಗಳ ಫಲಾಫಲಗಳಿಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ವಿಜ್ಞಾನದ ಅರೆತಿಳಿವೂ ಅಂಜಿಕೆಗೆ ಕಾರಣವಾಗಬಲ್ಲುದು. ೧೯೧೦ರ ಮೇ ತಿಂಗಳಲ್ಲಿ ಭೂಮಿ ಹ್ಯಾಲಿಯ ಬಾಲದ ಮೂಲಕ ಹಾಯುವುದೆಂದೂ, ಆ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂದೂ ಸುದ್ದಿ ಹಬ್ಬಿದಾಗ ಯುರೋಪು ಅಮೆರಿಕಗಳ ಪಟ್ಟಣಗಳಲ್ಲಿ ಜನ ಕಿಟಕಿಗಳ ಸಂದುಗಳನ್ನು ಮುಚ್ಚಿಕೊಂಡರು. ಧೂಮಕೇತುವಿನ ವಿಷಕ್ಕೆ ಮದ್ದೆಂದು ಗುಳಿಗೆ ಮಾರುವವರೂ ಹೊರಟರು. ಯಾರಿಗೂ ಏನೂ ಆಗಲಿಲ್ಲ. ನಾವು ಪ್ರಯೋಗಶಾಲೆಯಲ್ಲಿ ಸಾಧಿಸುವ ನಿರ್ವಾತಕ್ಕಿಂತಲೂ ಬಾಲ ತೆಳುವಾದದ್ದು.

ಕಲಬುರಗಿಯು ಆಗ ಹೈದರಾಬಾದು ಸಂಸ್ಥಾನದ ಒಂದು ಭಾಗ. ಆ ಸಂಸ್ಥಾನದ ನಿಜಾಮಿಯಾ ವೀಕ್ಷಣಾಲಯದ ಅಂಗಳದಲ್ಲಿ ನಕ್ಷತ್ರಗಳನ್ನು ನೋಡುತ್ತ ಬೆಳೆದ ವೇಣು ಬಾಪ್ಪು ಎಂಬ ತರುಣ ೧೯೪೯ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಛಾಯಾಚಿತ್ರ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಪತ್ತೆ ಮಾಡಿದರು. ಬಾಪ್ಪು-ಬೋಕ್-ನ್ಯೂಕರ್ಕ್ ಎಂದು ಅದಕ್ಕೆ ಹೆಸರಾಯಿತು. ಅದೇ ಬಾಪ್ಪು ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಸೂರ್ಯನ ಪ್ರಭಾವಲಯವನ್ನು ನೋಡಲು ೨೦೨೩ರ ಸೆಪ್ಟೆಂಬರಿನಲ್ಲಿ ಹಾರಿಸಿದ ಆದಿತ್ಯ-ಎಲ್೧ ನೌಕೆಯ ಪ್ರಮುಖ ಯಂತ್ರವನ್ನು ಈ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಸಿದ್ಧಪಡಿಸಿತು. ಅದೇ ನೌಕೆಯ ಇತರ ಯಂತ್ರಗಳು, ಧೂಮಕೇತುವಿನ ಬಾಲವನ್ನು ಎಳೆಯುವ ಆ ಸೌರಮಾರುತವನ್ನು ಅಳೆಯುತ್ತವೆ. ಶಕುನವೆಂದು ಅಂಜುವ ಕಾಲದಿಂದ ಅಳೆದು ತಿಳಿಯುವ ಕಾಲಕ್ಕೆ ಬರಲು ನಮಗೆ ಬಹಳ ತಲೆಮಾರುಗಳೇನೂ ಹಿಡಿಯಲಿಲ್ಲ.

ಅಂದಮಾತ್ರಕ್ಕೆ ವಿಜ್ಞಾನದ ಭವಿಷ್ಯವಾಣಿ ತಪ್ಪುವುದಿಲ್ಲವೆಂದಲ್ಲ. ತ್ಸುಚಿನ್‌ಶಾನ್-ಅಟ್ಲಾಸ್ ವಿಷಯದಲ್ಲಿ ನುರಿತವರ ಊಹೆಯೂ ಫಲಿಸಲಿಲ್ಲ. ಆದರೆ ಆ ಊಹೆಗೆ ಇಂಥಿಂಥ ಕಾರಣವೆಂದು ಬರೆದಿಟ್ಟುದರಿಂದಲೇ ಯಾವ ಕಾರಣ ಸಡಿಲವಾಗಿತ್ತೆಂದು ಹುಡುಕಲು ಸಾಧ್ಯ. ಶಕುನಕ್ಕೂ ಶಾಸ್ತ್ರಕ್ಕೂ ಇರುವ ಅಂತರ ಇದು.

ಮುಂದಿನ ಭೇಟಿ

ಕಲಬುರಗಿ ಸೀಮೆಯ ಬಯಲು ಆಕಾಶವೀಕ್ಷಣೆಗೆ ಹೇಳಿ ಮಾಡಿಸಿದಂತಿದೆ. ಗುಡ್ಡಕಾಡುಗಳ ಅಡ್ಡಿ ಹೆಚ್ಚಿಲ್ಲದೆ ದಿಗಂತ ದೂರದವರೆಗೆ ತೆರೆದಿರುತ್ತದೆ; ಸೂರ್ಯನ ಬಳಿಯೇ ಸುಳಿದಾಡುವ ಧೂಮಕೇತುಗಳಿಗೆ ದಿಗಂತವೇ ರಂಗಸ್ಥಳ. ಆದರೆ ನಗರದ ದೀಪಗಳ ಬೆಳಕು ಮೇಲೇರಿ ಆಕಾಶವನ್ನು ಮಂಕುಗೊಳಿಸುವುದರಿಂದ ಬಾಲದ ತೆಳು ಭಾಗ ಕಾಣದೆ ಹೋಗುತ್ತದೆ. ಕಮಲಾಪುರದ ಕಡೆಯ ಹೊಲಗಳಿಗೆ ಹೋಗಿ ನಿಂತರೆ ಅದೇ ಧೂಮಕೇತು ಹೆಚ್ಚು ಉದ್ದವಾಗಿ ತೋರುತ್ತದೆ. ಇದಕ್ಕೆ ದೂರದರ್ಶಕ ಬೇಕಿಲ್ಲ. ಕತ್ತಲೆ ಬೇಕು, ಕಣ್ಣು ಕತ್ತಲೆಗೆ ಒಗ್ಗಲು ಕಾಲು ಗಂಟೆಯ ತಾಳ್ಮೆ ಬೇಕು. ದ್ವಿನೇತ್ರವೊಂದಿದ್ದರೆ ಇನ್ನೂ ಲೇಸು. ಸೂರ್ಯ ಮುಳುಗುವ ಮೊದಲು ಮಾತ್ರ ಅದನ್ನು ಆ ಕಡೆಗೆ ತಿರುಗಿಸಕೂಡದು.

ಹ್ಯಾಲಿಯ ಕಥೆ ಈಗ ಎಲ್ಲಿಗೆ ಬಂದಿದೆ? ೨೦೨೩ರ ಡಿಸೆಂಬರ್ ೯ರಂದು ಅದು ತನ್ನ ಹಾದಿಯ ದೂರದ ತುದಿಯನ್ನು ಮುಟ್ಟಿ ಮರಳಿ ಹೊರಟಿತು. ನಮ್ಮ ಮಾದರಿಯ ಭಾಷೆಯಲ್ಲಿ, ಅದು ಇನ್ನೂ ಕಮಲಾಪುರದ ಆಸುಪಾಸಿನಲ್ಲಿಯೇ ಇದೆ. ಮುಖ ಮಾತ್ರ ಕಲಬುರಗಿಯ ಕಡೆಗೆ ತಿರುಗಿದೆ. ೨೦೬೧ರ ಜುಲೈ ೨೮ರಂದು ಅದು ಸೂರ್ಯನಿಗೆ ಅತಿ ಸಮೀಪವಾಗುತ್ತದೆ. ೧೯೮೬ರಲ್ಲಿ ಅದು ಸೂರ್ಯನ ಆಚೆಯ ಮಗ್ಗುಲಲ್ಲಿ ಹಾಯ್ದುದರಿಂದ ಮಂಕಾಗಿ ತೋರಿತು. ೨೦೬೧ರಲ್ಲಿ ನಮ್ಮ ಕಡೆಯ ಮಗ್ಗುಲಲ್ಲಿ ಹಾಯುವುದರಿಂದ ಹೆಚ್ಚು ಪ್ರಕಾಶಮಾನವಾಗಿರುವ ನಿರೀಕ್ಷೆಯಿದೆ. ನಮ್ಮಲ್ಲಿ ಅದು ಮಳೆಗಾಲದ ನಡುವಿನ ಕಾಲ. ಮೋಡ ಸರಿಯುವುದನ್ನು ಕಾಯಬೇಕಾದೀತು. ಇಂದು ಕಮಲಾಪುರದ ಶಾಲೆಯ ಮೊದಲ ತರಗತಿಯಲ್ಲಿರುವ ಮಗುವಿಗೆ ಆಗ ನಲವತ್ತು ದಾಟಿರುತ್ತದೆ.

ಅಲ್ಲಿಯವರೆಗೆ ಕಾಯಲಾರದವರಿಗೂ ಒಂದು ಉಪಾಯವುಂಟು. ಹ್ಯಾಲಿ ಹಿಂದಿನ ಸುತ್ತುಗಳಲ್ಲಿ ಹಾದಿಯುದ್ದಕ್ಕೂ ಉದುರಿಸಿಹೋದ ಧೂಳಿನ ನಡುವೆ ನಮ್ಮ ಭೂಮಿ ವರ್ಷಕ್ಕೆರಡು ಸಲ ಹಾಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿಯೂ ಅಕ್ಟೋಬರಿನ ಮೂರನೆಯ ವಾರದ ಹೊತ್ತಿಗೂ ನಡುರಾತ್ರಿ ಕಳೆದ ಮೇಲೆ ಹೊರಗೆ ಬಂದು ನೋಡಿದರೆ, ಆ ಕಣಗಳು ಭೂಮಿಯ ವಾಯುಮಂಡಲಕ್ಕೆ ನುಗ್ಗಿ ಉರಿದು ಉಲ್ಕೆಗಳಾಗಿ ಬೀಳುವುದನ್ನು ಕಾಣಬಹುದು. ಹಾಗೆ ಗೆರೆ ಎಳೆದು ಆರಿಹೋಗುವ ಒಂದೊಂದು ಕಿಡಿಯೂ ಎಂದೋ ಒಮ್ಮೆ ಸೂರ್ಯನ ಶಾಖಕ್ಕೆ ಹ್ಯಾಲಿಯ ಮೈಯಿಂದ ಕಳಚಿದ ಕಣ.